ಹತ್ತೋ, ಹನ್ನೊಂದೋ, ಹನ್ನೆರಡೋ? ಶಿರಸಿಯ ಕೆಸರಿನಲ್ಲಿ ಮೂರು ಗೇರ್ ಸೆಟ್

ಸೈಕಲ್ಲಿಗೆ ತಂದ ಕ್ಯಾಸೆಟ್ (ಹಿಂದಿನ ಗಾಲಿಯ ಗೇರ್ ಚಕ್ರಗಳ ಗೊಂಚಲು) ಗಾಲಿಯ ಮೇಲೆ ಕೂರಲೇ ಇಲ್ಲ. ಅಂಗಡಿಯೊಂದರಲ್ಲಿ ‘ಎಲ್ಲದಕ್ಕೂ ಆಗುತ್ತೆ’ ಅಂದಿದ್ದರು, ನಂಬಿ 12 ಸ್ಪೀಡಿನ 10-51 ಕ್ಯಾಸೆಟ್ ತಂದಿದ್ದೆ. ಅಂದರೆ 12 ಗೇರ್, ಚಿಕ್ಕದಕ್ಕೆ 10 ಹಲ್ಲು, ದೊಡ್ಡದಕ್ಕೆ 51. ಜಗಲಿಯಲ್ಲಿ ಕೂತು ಎಷ್ಟು ತಿರುಗಿಸಿದರೂ ಒಳಗಿನ ಕಚ್ಚುಗಳು ಹೊಂದುತ್ತಿಲ್ಲ. ‘ಎಂತಾತು ಭಾವಾ?’ ಅಂತ ಪಕ್ಕದಲ್ಲಿ ನಿಂತಿದ್ದ ಭಾವ ಕೇಳಿದ. ಆಗಿದ್ದಿಷ್ಟೇ: ನನ್ನ ಗಾಲಿಯಲ್ಲಿದ್ದದ್ದು ಹಳೇ ಎಚ್‌ಜಿ ಮಾದರಿಯ ಫ್ರೀಹಬ್, ಅಂದರೆ ಗಾಲಿಯ ನಡುವಿನ ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ. 10 ಹಲ್ಲಿನ ಗೇರ್ ತುಂಬಾ ಚಿಕ್ಕದು, ಎಚ್‌ಜಿ ಮೇಲೆ ಹಿಡಿಸುವುದಿಲ್ಲ. ಆ ಕ್ಯಾಸೆಟ್ಟಿಗೆ ಶಿಮಾನೊ 2018ರಲ್ಲಿ ತಂದ ಮೈಕ್ರೋ ಸ್ಪ್ಲೈನ್ ಫ್ರೀಹಬ್ಬೇ ಬೇಕು. ನನ್ನ ಹಬ್‌ಗೆ ಅದು ಸಿಗಲಿಲ್ಲ. ಅಂದರೆ ಹೊಸ ಗಾಲಿ!

ಹಾಗಾಗಿ ಎಚ್‌ಜಿ ಮೇಲೆ ಕೂರುವ ಮೂರು ಸೆಟ್ ಮಾತ್ರ ನೋಡಿದೆ. ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್, 10 ಸ್ಪೀಡ್, 11-48. ಶಿಮಾನೊ ಡಿಯೋರ್ ಎಂ5100, 11 ಸ್ಪೀಡ್, 11-51. ಸ್ರಾಮ್ ಎಸ್‌ಎಕ್ಸ್ ಈಗಲ್, 12 ಸ್ಪೀಡ್, 11-50. ಮೊದಲಿನ ಎರಡನ್ನು ಒಂದೇ ಫ್ರೇಮ್‌ಗೆ ಹಾಕಿ ಒಂದೊಂದು ಮಳೆಗಾಲ ಓಡಿಸಿದೆ. ಮೂರನೆಯದು ಗೆಳೆಯನ ಬೈಕಿನಲ್ಲಿತ್ತು, ಎರಡು ವಾರ ಇಸಕೊಂಡಿದ್ದೆ.

ಅಡ್ವೆಂಟ್ ಎಕ್ಸ್ ಕೆಸರಿಗೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಸೊಪ್ಪಿನ ಬೆಟ್ಟದ ದಾರಿ ನಿಮಗೆ ಗೊತ್ತಲ್ವಾ? ಶ್ರಾವಣದಲ್ಲಿ ಕೆಂಪು ಮಣ್ಣು, ಕೊಳೆತ ಎಲೆ ಸೇರಿ ಹಿಂದಿನ ಡಿರೈಲರ್‌ನ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಎರಡು ಪುಟ್ಟ ಚಕ್ರಗಳ ನಡುವೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. 10 ಸ್ಪೀಡಿನಲ್ಲಿ ಗೇರ್‌ಗಳ ನಡುವೆ ಜಾಗ ಸ್ವಲ್ಪ ಜಾಸ್ತಿ. ಕೇಬಲ್ ಕೊಂಚ ಸಡಿಲವಾದರೂ ಗೇರ್ ತಪ್ಪುವುದಿಲ್ಲ. ಚೈನ್ ಸುಮಾರು 5.9 ಮಿ.ಮೀ. ಅಗಲ, 12 ಸ್ಪೀಡಿನದ್ದು ಸುಮಾರು 5.3. ಬೆಲೆಯೂ ಕಡಿಮೆ.

ಆದರೆ ದೇವಿಮನೆ ಘಟ್ಟ ಬೇರೆಯೇ ಕಥೆ. ಕುಮಟಾ ಕಡೆಯಿಂದ ಶಿರಸಿಗೆ ಹತ್ತುವಾಗ ಅಡ್ವೆಂಟ್ ಎಕ್ಸಿನ ಕೊನೆಯ ಜಿಗಿತ 40ರಿಂದ 48ಕ್ಕೆ. ಒಂದರಲ್ಲಿ ಕಾಲು ಬಿಗಿಯುತ್ತದೆ, ಇನ್ನೊಂದರಲ್ಲಿ ಪೆಡಲ್ ಸುಮ್ನೆ ಗಿರ್ರನೆ ತಿರುಗಿ ಉಸಿರಿನ ಲಯವೇ ತಪ್ಪುತ್ತದೆ. ಡಿಯೋರಿನಲ್ಲಿ ಅದೇ ಜಾಗದಲ್ಲಿ 39, 45, 51. ತಿರುವು ಬಂದ ಹಾಗೆ ಒಂದೊಂದೇ ಇಳಿಸುತ್ತಾ ಹೋಗಬಹುದು, ಭಾರ ಹಾಕಿ ತುಳಿಯುತ್ತಿದ್ದರೂ ಚೈನ್ ಮೆತ್ತಗೆ ಹತ್ತುತ್ತದೆ. ನನಗೆ ಮನಸ್ಸು ಸೋತಿದ್ದು ಇಲ್ಲೇ.

48 ಸಾಲದು ಅನ್ನುವವರಿಗೆ ಒಂದು ಮಾತು. ಮುಂದಿನ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) 32 ಹಲ್ಲಿನ ಬದಲು 30ರದ್ದು ಹಾಕಿದರೆ, 48ರ ಜೊತೆ ಅದು ಹೆಚ್ಚುಕಮ್ಮಿ 32ಕ್ಕೆ 51 ಹಾಕಿದಷ್ಟೇ ಹಗುರ. ಇಳಿಜಾರಿನಲ್ಲಿ ಸ್ವಲ್ಪ ವೇಗ ಹೋಗುತ್ತದೆ, ಅಷ್ಟೇ. ರಿಂಗ್ ಕೊಳ್ಳುವ ಮೊದಲು ಕ್ರ್ಯಾಂಕಿಗೆ (ಪೆಡಲಿನ ತೋಳಿಗೆ) ಕೂರುವ ಜಾಗ ಹೊಂದುತ್ತದಾ ನೋಡಿಕೊಳ್ಳಿ.

ಎಸ್‌ಎಕ್ಸ್ ಬಗ್ಗೆ ಹೆಚ್ಚು ಹೇಳಲಾರೆ. ಓಡಿಸಿದ್ದು ಕಡಿಮೆ. ಎಚ್‌ಜಿ ಮೇಲೆ 12 ಗೇರ್ ಬೇಕು ಅನ್ನುವವರಿಗೆ ಒಳ್ಳೆ ದಾರಿ. ಡಿರೈಲರ್ ಮತ್ತು ಕ್ಯಾಸೆಟ್ ನಡುವಿನ ಅಂತರ ಹೊಂದಿಸುವ ಬಿ-ಸ್ಕ್ರೂ ಸರಿಯಾಗಿ ಇಟ್ಟುಕೊಂಡರೆ ಮಾತ್ರ ದೊಡ್ಡ ಗೇರ್‌ಗೆ ಚೈನ್ ನೆಟ್ಟಗೆ ಹತ್ತುತ್ತದೆ. ಚಿಕ್ಕ ಗೇರ್‌ಗಳಲ್ಲಿ ಹಂತಗಳು ಹತ್ತಿರ ಹತ್ತಿರ, ಆದರೆ ಡಿಯೋರಿಗಿಂತ ಏರಿನಲ್ಲಿ ಏನೂ ಜಾಸ್ತಿ ಸಿಗಲಿಲ್ಲ ನನಗೆ.

ಮೂರರಲ್ಲಿ ಯಾವುದೇ ತಗೊಳ್ಳಿ, ಹ್ಯಾಂಡಲ್ ಮೇಲಿನ ಶಿಫ್ಟರ್ ಮತ್ತು ಡಿರೈಲರ್ ಒಂದೇ ಸೆಟ್ಟಿನದ್ದೇ ಇರಲಿ. ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಎಳೆಯಬೇಕು ಅನ್ನುವುದು ಈ ಮೂರಕ್ಕೂ ಬೇರೆ ಬೇರೆ. ಡಿಯೋರ್ ಶಿಫ್ಟರ್‌ಗೆ ಅಡ್ವೆಂಟ್ ಎಕ್ಸ್ ಡಿರೈಲರ್ ಕಟ್ಟಿ ನಾನು ಒಂದು ಇಡೀ ಭಾನುವಾರ ಕಳೆದೆ. ಮೂರು ಗೇರ್ ಸರಿ ಮಾಡಿದರೆ ನಾಲ್ಕನೆಯದು ತಪ್ಪುತ್ತಿತ್ತು. ಚೈನ್ ವಿಷಯದಲ್ಲಿ ಅಷ್ಟು ಬಿಗಿ ಇಲ್ಲ. 11 ಸ್ಪೀಡಿಗೆ 11ರದ್ದು ಅಂತ ನೋಡಿದರೆ ಬೇರೆ ಕಂಪನಿಯದೂ ನಡೆಯುತ್ತದೆ.

ಈಗ ನನ್ನ ಬೈಕಿನಲ್ಲಿ ಡಿಯೋರ್ ಇದೆ. ಅಡ್ವೆಂಟ್ ಎಕ್ಸ್ ಕಾರವಾರಕ್ಕೆ, ಅಕ್ಕನ ಮಗನಿಗೆ ಹೋಯಿತು. ಅವನದು ಕಡಲ ದಂಡೆ, ಕಾಳಿ ಸೇತುವೆ ದಾಟಿ ಸದಾಶಿವಗಡದ ಏರು, ಅಷ್ಟೇ ಓಡಾಟ. ಉಪ್ಪು ಗಾಳಿಗೆ ಅಲ್ಲಿ ಚೈನ್ ಬೇಗ ತುಕ್ಕು ಹಿಡಿಯುತ್ತದೆ. ಆಗಾಗ ಬದಲಾಯಿಸಬೇಕಾದ ಚೈನ್ ಅಗ್ಗದ್ದಾಗಿದ್ದರೆ ಒಳ್ಳೆಯದಲ್ವಾ? ಅವನಿಗೆ ಚೈನ್ ಸವೆದು ಎಷ್ಟು ಉದ್ದವಾಗಿದೆ ಅಂತ ಅಳೆಯುವ ಗೇಜನ್ನೂ ಕಳಿಸಿದ್ದೇನೆ. 10 ಸ್ಪೀಡಿನಲ್ಲಿ ಶೇ. 0.75 ತೋರಿಸಿದರೆ ಬದಲಿಸು, ನನ್ನದರಲ್ಲಿ 0.5ಕ್ಕೇ ಬದಲಿಸುತ್ತೇನೆ ಅಂತ ಹೇಳಿದ್ದೇನೆ.