ಮಡಚುವ ಮೇಜಿನ ಕಾಲಿಗೆ ಬರೀ ಚೈನ್ ಕಟ್ಟಿ ನಂಬಬೇಡಿ

ಮನೆಯಲ್ಲೇ ಮರದ ಮಡಚುವ ಮೇಜು ಮಾಡಿಕೊಳ್ಳಲು ಹೊರಟಿದ್ದೀರಾ? ಹಾಗಾದರೆ ಹಲಗೆ ಕೊಯ್ಯುವ ಮೊದಲು ಇದನ್ನು ಓದಿ.

ನಾನು ಮಾಡಿದ ಮೇಜು 3 ತಿಂಗಳು ಗಟ್ಟಿಯಾಗಿಯೇ ನಿಂತಿತ್ತು. ಒಂದು ಸಂಜೆ ಅಮ್ಮ ಮೇಜಿನ ತುದಿಯಲ್ಲಿ ಕೂತಿದ್ದರು. ಕುರ್ಚಿಯಿಂದ ಏಳುವಾಗ ಅಂಚಿಗೆ ಎರಡೂ ಕೈ ಊರಿದರು. ವಯಸ್ಸಾದವರು ಏಳುವುದೇ ಹಾಗೆ ಅಲ್ವಾ? ಆಚೆ ತುದಿಯ ಕಾಲು ಒಳಕ್ಕೆ ಮಡಚಿಕೊಂಡಿತು. ಹಲಗೆ ಆ ಕಡೆಗೆ ಧಡಾರನೆ ಕುಸಿಯಿತು. ಕೈ ಊರಿದ್ದ ಅಮ್ಮನೂ ಅದರ ಜೊತೆಗೇ ಮುಂದಕ್ಕೆ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. 6 ವಾರ ಪ್ಲಾಸ್ಟರ್. ನಾನು ಎರಡು ಹೆಜ್ಜೆ ದೂರದಲ್ಲೇ ಇದ್ದೆ, ಹಿಡಿಯಲು ಆಗಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮುರಿದ ಮೇಜನ್ನು ತಲೆಕೆಳಗು ಮಾಡಿಕೊಂಡು ಕೂತೆ.

ಮೇಜಿನ ಹಲಗೆ 120 ಸೆಂಟಿಮೀಟರ್ ಉದ್ದ, 60 ಅಗಲ, 18 ಮಿಲಿಮೀಟರ್ ಪ್ಲೈವುಡ್. ಎರಡೂ ತುದಿಗೆ ಒಂದೊಂದು ಜೋಡಿ ಕಾಲಿನ ಚೌಕಟ್ಟು, ಹಿಂಜಸ್ ಹಾಕಿ ಒಳಕ್ಕೆ ಮಡಚುವಂತೆ ಮಾಡಿದ್ದೆ. ಕಾಲು ಬಿಚ್ಚಿದಾಗ ಹೊರಕ್ಕೆ ಜಾಸ್ತಿ ಹೋಗಬಾರದು ಅಂತ ಪ್ರತಿ ಚೌಕಟ್ಟಿಗೂ ಒಂದು ಚೈನ್. ಕಾಲು ನೆಟ್ಟಗೆ ನಿಂತ ಮೇಲೆ ಮೇಜಿನ ಭಾರವೇ ಅದನ್ನು ಹಿಡಿದುಕೊಳ್ಳುತ್ತದೆ ಎಂದುಕೊಂಡಿದ್ದೆ.

ತಪ್ಪಾಗಿದ್ದು ಇಲ್ಲೇ. ಚೈನ್ ಎಳೆದರೆ ತಡೆಯುತ್ತದೆ, ತಳ್ಳಿದರೆ ಸುಮ್ನೆ ಜೋತುಬೀಳುತ್ತದೆ. ಅಂದರೆ ನನ್ನ ಮೇಜಿನ ಕಾಲು ಹೊರಕ್ಕೆ ಹೋಗದಂತೆ ತಡೆಯಿತ್ತು, ಒಳಕ್ಕೆ ಮಡಚದಂತೆ ಏನೂ ಇರಲಿಲ್ಲ. ಭಾರ ನೇರ ಕೆಳಕ್ಕೆ ಬೀಳುವವರೆಗೆ ತೊಂದರೆಯಿಲ್ಲ. ಯಾರಾದರೂ ಒಂದು ತುದಿಯಿಂದ ಮುಂದಕ್ಕೆ ನೂಕಿದರೆ ಹಲಗೆ ಸರಿಯುತ್ತದೆ, ಕಾಲಿನ ಬುಡ ನೆಲಕ್ಕೆ ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಆಚೆ ತುದಿಯ ಕಾಲು ವಾಲುತ್ತದೆ. ಒಮ್ಮೆ ವಾಲಿತು ಅಂದರೆ, ಅದುವರೆಗೆ ಅದನ್ನು ನಿಲ್ಲಿಸಿದ್ದ ಭಾರವೇ ಅದನ್ನು ಮಡಚಿ ಹಾಕುತ್ತದೆ. ಕೈ ಊರಿ ಏಳುವವರು ಮೇಜನ್ನು ಕೆಳಕ್ಕೂ ಒತ್ತುತ್ತಾರೆ, ಮುಂದಕ್ಕೂ ನೂಕುತ್ತಾರೆ. ಅಮ್ಮ ಮಾಡಿದ್ದು ಅಷ್ಟೇ.

ಪರೀಕ್ಷೆ ಮಾಡಿರಲಿಲ್ಲವಾ ಅಂತ ಕೇಳಬಹುದು. ಮಾಡಿದ್ದೆ. 60 ಕಿಲೋ ಪುಸ್ತಕ ಪೇರಿಸಿ ಒಂದು ರಾತ್ರಿ ಬಿಟ್ಟಿದ್ದೆ, ಮೇಜು ಕುಸಿಯಲಿಲ್ಲ. ಆದರೆ ಪುಸ್ತಕ ನೂಕುವುದಿಲ್ಲ. ಪಕ್ಕದಿಂದ ಒಂದು ಸಲವೂ ನಾನು ಜೋರಾಗಿ ತಳ್ಳಿ ನೋಡಿರಲಿಲ್ಲ.

ಇನ್ನೊಂದು ತಪ್ಪು ಅಷ್ಟೇ ದೊಡ್ಡದು. 72 ಸೆಂಟಿಮೀಟರಿನ ಎರಡು ಕಾಲು 120 ಸೆಂಟಿಮೀಟರ್ ಹಲಗೆಯ ಅಡಿ ಒಂದರ ಮುಂದೆ ಒಂದು ಮಲಗಲಾರವು, ನಡುವೆ ಒಂದರ ಮೇಲೊಂದು ಬರುತ್ತವೆ. ಇದು ನನಗೆ ಹೊಳೆದದ್ದು ಎಲ್ಲ ಕೊಯ್ದು, ವಾರ್ನಿಷ್ ಹೊಡೆದು ಒಣಗಿಸಿದ ಮೇಲೆ. ಅವಸರಕ್ಕೆ ಒಂದು ಕಾಲಿನ ಹಿಂಜಸ್ ಕೆಳಗೆ 40 ಮಿಲಿಮೀಟರ್ ದಪ್ಪದ ಮರದ ತುಂಡು ಕೊಟ್ಟು ಎತ್ತರಿಸಿದೆ. ತುಂಡನ್ನು ವಾರ್ನಿಷ್ ಮೇಲೆಯೇ ಅಂಟಿಸಿದೆ, ಮೇಲೆ 50 ಮಿಲಿಮೀಟರ್ ಸ್ಕ್ರೂ ಹಾಕಿದೆ. ಲೆಕ್ಕ ಹಾಕಿ ನೋಡಿ, ಹಲಗೆಯೊಳಗೆ ಇಳಿದದ್ದು ಬರೀ 10 ಮಿಲಿಮೀಟರ್. ಸ್ಕ್ರೂ ಮೇಲ್ಮೈಗೆ ತೂತು ಮಾಡೀತು ಅನ್ನುವ ಭಯಕ್ಕೆ ಗಿಡ್ಡದು ಆರಿಸಿದ್ದೆ. ಕಾಲು ಮಡಚಿ ಮೇಜು ಬಿದ್ದಾಗ ಆ ತುಂಡು ಹಿಂಜಸ್ ಸಮೇತ ಕಿತ್ತು ಬಂತು. ಅದರ ಅಂಟಿನ ಮುಖಕ್ಕೆ ವಾರ್ನಿಷ್ ಸಿಪ್ಪೆಯಂತೆ ಅಂಟಿಕೊಂಡಿತ್ತು. ಅಂಟು ಹಿಡಿದದ್ದು ವಾರ್ನಿಷನ್ನು, ಮರವನ್ನಲ್ಲ. ಮರದ ಅಂಟು ಮರದ ನಾರಿಗೆ ಇಳಿದರೆ ಮಾತ್ರ ಕಚ್ಚುತ್ತದೆ. ಅಂಟಿಸುವ ಜಾಗದಲ್ಲಿ ಬಣ್ಣ, ವಾರ್ನಿಷ್ ಏನೂ ಇರಬಾರದು, ಇದ್ದರೆ ಬರೀ ಮರ ಕಾಣುವ ತನಕ ಉಜ್ಜಿ ತೆಗೆಯಬೇಕು.

ಮುನ್ಸೂಚನೆ ಇರಲಿಲ್ಲ ಅಂತಲೂ ಹೇಳಲಾರೆ. ವಾರಕ್ಕೊಮ್ಮೆ ಆ ತುಂಡಿನ ಸ್ಕ್ರೂ ಸಡಿಲಾಗುತ್ತಿತ್ತು, ನಾನು ಬಿಗಿ ಮಾಡುತ್ತಿದ್ದೆ. ಕೊನೆಕೊನೆಗೆ ಸ್ಕ್ರೂ ಸುಮ್ನೆ ಸುತ್ತುತ್ತಿತ್ತು, ತೂತಿನಿಂದ ಮರದ ಪುಡಿ ಉದುರುತ್ತಿತ್ತು. ನಿಮ್ಮ ಮೇಜಿನಲ್ಲಿ ಹೀಗಾದರೆ ಮತ್ತೆ ಬಿಗಿ ಮಾಡಬೇಡಿ, ಆ ತೂತಿನ ಕೆಲಸ ಮುಗಿದಿದೆ. ಮೇಜು ಬಳಸುವುದನ್ನು ಅವತ್ತೇ ನಿಲ್ಲಿಸಿ.

ಈಗ ಹೊಸದಾಗಿ ಮಾಡಿದ್ದೇನೆ. ಎರಡು ಚೌಕಟ್ಟಿನಲ್ಲಿ ಒಂದನ್ನು ಕಿರಿದು ಮಾಡಿದೆ. ಮಡಚಿದಾಗ ಅದು ಅಗಲದ ಚೌಕಟ್ಟಿನ ಒಳಗೇ ಮಲಗುತ್ತದೆ, ಎತ್ತರಿಸುವ ತುಂಡು ಬೇಕಿಲ್ಲ. ಒಂದು ಸೂಕ್ಷ್ಮ ಇದೆ: ಅಗಲದ ಚೌಕಟ್ಟಿನ ಅಡ್ಡಪಟ್ಟಿಯನ್ನು ಕಾಲಿನ ಮೇಲರ್ಧದಲ್ಲೇ, ಹಿಂಜಸ್‌ಗೆ ಹತ್ತಿರ ಕೊಡಬೇಕು. ಕೆಳಗೆ ಕೊಟ್ಟರೆ ಕಿರಿದರ ಕಾಲು ಅದಕ್ಕೆ ತಾಗಿ ಪೂರ್ತಿ ಮಡಚುವುದಿಲ್ಲ. ಮೊದಲು ರಟ್ಟಿನಲ್ಲಿ ಅಳತೆಗೆ ಕತ್ತರಿಸಿ ಮಡಚಿ ನೋಡಿ, ಅರ್ಧ ಗಂಟೆಯ ಕೆಲಸ. ನಾನು ಮೊದಲೇ ಅದನ್ನು ಮಾಡಿದ್ದರೆ ಆ ತುಂಡಿನ ಗೊಡವೆಯೇ ಬರುತ್ತಿರಲಿಲ್ಲ.

ಚೈನ್ ಬದಲು ಲಾಕ್ ಆಗುವ ಲೋಹದ ಆಸರೆ ಪಟ್ಟಿ ಹಾಕಿದೆ. ಎರಡು ತುಂಡಿನ ಪಟ್ಟಿ, ನಡುವೆ ಕೀಲು. ಕಾಲು ಬಿಚ್ಚಿದಾಗ ನೆಟ್ಟಗಾಗಿ ಟಕ್ಕನೆ ಕೂರುತ್ತದೆ, ಕೈಯಿಂದ ಬಿಡಿಸದೆ ಮಡಚುವುದಿಲ್ಲ. ಎಳೆದರೂ ತಳ್ಳಿದರೂ ತಡೆಯುತ್ತದೆ. ಪ್ರತಿ ಚೌಕಟ್ಟಿಗೆ ಎರಡು, ಎಡಕ್ಕೊಂದು ಬಲಕ್ಕೊಂದು. ಭಾರ ಹೊರುವ ಕಡೆ ಸ್ಕ್ರೂ ಬಿಟ್ಟು, ಹಲಗೆಯ ಆಚೆಗೂ ಹಾಯುವ ಬೋಲ್ಟ್, ವಾಷರ್, ಸಡಿಲಾಗದ ನಟ್ ಬಳಸಿದೆ. ಮೇಲೆ ಬೋಲ್ಟಿನ ತಲೆ ಕಾಣುತ್ತದೆ. ಕಾಣಲಿ ಬಿಡಿ.

ಪರೀಕ್ಷೆಯನ್ನೂ ಬೇರೆ ಥರ ಮಾಡಿದೆ. ಮೇಜನ್ನು ಕವುಚಿ ಹಾಕಿ, ಪ್ರತಿ ಕಾಲಿನ ತುದಿ ಹಿಡಿದು ಒಳಕ್ಕೂ ಹೊರಕ್ಕೂ ಶಕ್ತಿ ಹಾಕಿ ಎಳೆದೆ. ಆಮೇಲೆ ನಿಲ್ಲಿಸಿ, ಮೇಲೆ ಏನೂ ಇಡದೆ, ನಾಲ್ಕೂ ಕಡೆಯಿಂದ ಸೊಂಟ ಕೊಟ್ಟು ನೂಕಿದೆ. ಪಾದ ಅದರಡಿ ಬರದಂತೆ ನೋಡಿಕೊಂಡು ಮಾಡಿ. ಮಡಚುವಾಗ ಹಿಂಜಸ್ ಹತ್ತಿರ ಬೆರಳು ಇಡಬೇಡಿ, ಮಕ್ಕಳ ಕೈಗೆ ಮಡಚಲು ಕೊಡಲೇಬೇಡಿ.

ಇಷ್ಟಾದರೂ ಏಳುವಾಗ ಮೇಜಿಗೆ ಕೈ ಊರಬೇಡಿ ಅಂತ ಅಮ್ಮನಿಗೆ ಹೇಳಿದ್ದೇನೆ. ಕೈ ಇರುವ ಕುರ್ಚಿ ತಂದುಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಈಗಾಗಲೇ ಇಂಥ ಮೇಜು ಇದ್ದರೆ ದಯವಿಟ್ಟು ಇವತ್ತೇ ಬಗ್ಗಿ ಅದರ ಅಡಿ ನೋಡಿ. ಕಾಲಿಗೆ ಚೈನೋ ಹಗ್ಗವೋ ಮಾತ್ರ ಇದ್ದರೆ, ಲಾಕ್ ಹಾಕುವ ತನಕ ಮಡಚಿ ಗೋಡೆಗೆ ಒರಗಿಸಿಡಿ.