ಸೊಹ್ರಾಬ್‌ನ ಕಥೆ: ಶಾಹನಾಮದ ನಾಲ್ಕು ಇಂಗ್ಲಿಷ್ ಅನುವಾದಗಳು

ಪರ್ಶಿಯನ್ ಕವಿ ಫಿರ್ದೌಸಿಯ ಶಾಹನಾಮ ಇರಾನಿನ ರಾಜರ, ವೀರರ ಕಥೆ ಹೇಳುವ ಸುಮಾರು 50 ಸಾವಿರ ದ್ವಿಪದಿಗಳ ಕಾವ್ಯ, 1010ರಲ್ಲಿ ಮುಗಿದದ್ದು. ಪರ್ಶಿಯನ್ ಬಾರದ ನನ್ನಂಥವರಿಗೆ ಇಂಗ್ಲಿಷೇ ಗತಿ. ಯಾವ ಅನುವಾದ ಹಿಡಿಯಬೇಕು ಅಂತ ನೋಡಲು ನಾಲ್ಕರಲ್ಲೂ ಒಂದೇ ಭಾಗ ಓದಿದೆ. ಇರಾನಿನ ಮಹಾವೀರ ರುಸ್ತುಂ ಗುರುತು ಸಿಗದೆ ಸ್ವಂತ ಮಗ ಸೊಹ್ರಾಬ್‌ನನ್ನೇ ಕೊಲ್ಲುವ ಕಥೆ ಅದು.

ಸಾವಿನ ದೃಶ್ಯವನ್ನು ಯಾರು ಬರೆದರೂ ಕರುಳು ಹಿಂಡುತ್ತದೆ. ಅದರಿಂದ ಅನುವಾದಕನ ಕೈ ಗೊತ್ತಾಗುವುದಿಲ್ಲ. ನಾನು ನೋಡಿದ್ದು ಅದಕ್ಕೂ ಮೊದಲಿನ ಸನ್ನಿವೇಶ. ಸೆರೆಸಿಕ್ಕ ಇರಾನಿನ ಯೋಧ ಹುಜೀರ್‌ನನ್ನು ಎತ್ತರದ ಜಾಗದಲ್ಲಿ ನಿಲ್ಲಿಸಿ, ಇರಾನಿನ ಪಾಳೆಯದ ಒಂದೊಂದೇ ಡೇರೆ ತೋರಿಸಿ ಇದು ಯಾರದು, ಅದು ಯಾರದು ಅಂತ, ಎಂದೂ ನೋಡಿರದ ಅಪ್ಪನನ್ನು ಹುಡುಕುತ್ತಿರುವ ಸೊಹ್ರಾಬ್ ಕೇಳುತ್ತಾನೆ. ಆನೆ ಬಾವುಟದವನು ತೂಸ್, ಕೆಂಪು ಡೇರೆಯವನು ಗೋದರ್ಜ್. ಅಲ್ಲಿಯವರೆಗೆ ಹುಜೀರ್ ನಿಜವನ್ನೇ ಹೇಳುತ್ತಾನೆ. ರುಸ್ತುಂನ ಹಸಿರು ಡೇರೆ, ಡ್ರಾಗನ್ ಬಾವುಟ ಬಂದಾಗ ಮಾತ್ರ, ಚೀನಾದಿಂದ ಹೊಸದಾಗಿ ಬಂದ ಯಾರೋ ಇರಬೇಕು, ಹೆಸರು ಗೊತ್ತಿಲ್ಲ ಅಂದುಬಿಡುತ್ತಾನೆ. ಅಪ್ಪನ ಬಗ್ಗೆ ತಾಯಿ ತಹ್ಮೀನಾ ಹೇಳಿದ್ದ ಗುರುತೆಲ್ಲ ಕಣ್ಣೆದುರಿಗೇ ಇದೆ. ಆದರೂ ಹುಡುಗನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲ. ಬೇರೆ ಡೇರೆಗಳನ್ನು ವಿಚಾರಿಸಿ ಮತ್ತೆ ಹಸಿರು ಡೇರೆಗೇ ಬರುತ್ತಾನೆ. ಹೀಗೆ ಸುತ್ತಿ ಸುತ್ತಿ ಕೇಳುವುದರಲ್ಲೇ ಈ ಭಾಗದ ಜೀವ ಇರುವುದು.

ಇಲ್ಲಿ ಗೆದ್ದದ್ದು ಜೆರೋಮ್ ಕ್ಲಿಂಟನ್. 1987ರ ಅನುವಾದ, ಸೊಹ್ರಾಬ್‌ನ ಕಥೆಯೊಂದೇ ಇದೆ. ಒಂದು ಪುಟದಲ್ಲಿ ಪರ್ಶಿಯನ್, ಎದುರು ಪುಟದಲ್ಲಿ ಪ್ರಾಸವಿಲ್ಲದ ಸರಳ ಪದ್ಯ. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ಎಲ್ಲೂ ಅವಸರ ಇಲ್ಲ, ಅಲಂಕಾರವೂ ಜಾಸ್ತಿ ಇಲ್ಲ. ಉರ್ದು ಅಕ್ಷರ ಬರುವವರಿಗಂತೂ ಎರಡೂ ಪುಟದಲ್ಲಿ ಬೆರಳಿಟ್ಟುಕೊಂಡು ಓದುವ ಸುಖ ಬೇರೆ.

ವಾರ್ನರ್ ಸೋದರರ 9 ಸಂಪುಟಗಳು (1905–1925) ಪೂರ್ತಿ ಕಾವ್ಯವನ್ನೇ ಪದ್ಯದಲ್ಲಿ ತರುತ್ತವೆ. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಇಂಗ್ಲಿಷ್ ಆಗಲೇ ಹಳತಾಗಿದ್ದ ಇಂಗ್ಲಿಷ್. ಸೊಹ್ರಾಬ್ ಹದಿಹರೆಯದ ಹುಡುಗ ಅನ್ನುವುದೇ ಮರೆತುಹೋಗುತ್ತದೆ. ಅವರ ಕೈಯಲ್ಲಿದ್ದದ್ದು 19ನೇ ಶತಮಾನದಲ್ಲಿ ಅಚ್ಚಾದ ಪಠ್ಯಗಳು. ಈಗ ಗೊತ್ತಿರುವ ಅತಿ ಹಳೆಯ ಹಸ್ತಪ್ರತಿ, ಅಂದರೆ 1217ರ ಫ್ಲಾರೆನ್ಸ್ ಪ್ರತಿ, ಬೆಳಕಿಗೆ ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಹಾಗಾಗಿ ಆಮೇಲಿನ ವಿದ್ವಾಂಸರು ಪ್ರಕ್ಷಿಪ್ತ, ಅಂದರೆ ಬೇರೆ ಯಾರೋ ಸೇರಿಸಿದ್ದು, ಅಂತ ಪಕ್ಕಕ್ಕಿಟ್ಟ ದ್ವಿಪದಿಗಳೂ ವಾರ್ನರ್‌ನಲ್ಲಿ ಸೇರಿಕೊಂಡಿವೆ.

ರೂಬೆನ್ ಲೆವಿಯ 1967ರ ಸಂಗ್ರಹ ಪೂರಾ ಗದ್ಯ. ಕಥೆ ತಿಳಿಯುತ್ತದೆ, ಅಷ್ಟೆ.

ಡಿಕ್ ಡೇವಿಸ್ (2006) ನನ್ನ ಮೇಜಿನ ಮೇಲೆ ಉಳಿದುಕೊಂಡ ಪುಸ್ತಕ. ಬಹುಪಾಲು ಗದ್ಯ, ಭಾವ ಉಕ್ಕುವಲ್ಲಿ ಪದ್ಯ. ಇರಾನಿನ ನಕ್ಕಾಲರು ಜನರೆದುರು ಶಾಹನಾಮ ಹೇಳುವ ರೀತಿಯೇ ಇದಕ್ಕೆ ಮಾದರಿ. ನಮ್ಮ ಗಮಕದಲ್ಲಿ ವಾಚನ, ವ್ಯಾಖ್ಯಾನ ಒಂದರ ಹಿಂದೊಂದು ಬಂದ ಹಾಗೆ. ಡೇರೆಗಳ ಸನ್ನಿವೇಶ ಇಲ್ಲಿ ಕ್ಲಿಂಟನ್‌ನಷ್ಟು ಹಿಡಿಯಲಿಲ್ಲ. ಗದ್ಯದ ಓಟದಲ್ಲಿ ಹುಡುಗನ ಚಡಪಡಿಕೆ ಸ್ವಲ್ಪ ತೆಳುವಾಯಿತು. ಡೇವಿಸ್ ಅಲ್ಲಲ್ಲಿ ಕತ್ತರಿ ಕೂಡ ಆಡಿಸಿದ್ದಾರೆ. ಆದರೆ ಸೊಹ್ರಾಬ್ ಸತ್ತ ಮೇಲೂ ಕಾವ್ಯ ಬೇಕಾದಷ್ಟಿದೆಯಲ್ವಾ? ಮುಂದೆ ಇದೇ ರುಸ್ತುಂ ರಾಜಕುಮಾರ ಇಸ್ಫಂದಿಯಾರ್‌ನ ಕಣ್ಣಿಗೆ ಬಾಣ ಬಿಡುತ್ತಾನೆ. ಆ ಇಸ್ಫಂದಿಯಾರ್‌ನ ಮಗ ಬಹ್ಮನ್. 1347ರಲ್ಲಿ ರಾಜ್ಯ ಕಟ್ಟಿ ಕಲಬುರಗಿಯಿಂದ ಆಳಿದ ಬಹಮನಿಗಳು ತಮ್ಮ ವಂಶ ಅವನಿಂದಲೇ ಬಂತು ಅಂತ ಹೇಳಿಕೊಂಡರು. ಆ ಭಾಗ ಕ್ಲಿಂಟನ್‌ನ ಈ ಪುಸ್ತಕದಲ್ಲಿ ಸಿಗುವುದಿಲ್ಲ.

ದುಡ್ಡು ಕೊಟ್ಟು ಒಂದೇ ತಗೊಳ್ಳುವುದಾದರೆ ಡೇವಿಸ್ ತಗೊಳ್ಳಿ. ಏನೋ ಬಿಟ್ಟಿದ್ದಾರೆ ಅನ್ನಿಸಿದಲ್ಲಿ ಫೋನಿನಲ್ಲೇ ವಾರ್ನರ್ ತೆರೆದು ನೋಡಬಹುದು. ಕ್ಲಿಂಟನ್ ಹಳೆ ಪುಸ್ತಕದ ಅಂಗಡಿಯಲ್ಲಿ ಕಂಡರೆ ಮಾತ್ರ ಚೌಕಾಸಿ ಮಾಡುತ್ತಾ ನಿಲ್ಲಬೇಡಿ.