'ಯೆಸ್' ನೋಡಿ ನಿಲ್ಲಬೇಡಿ, ಅಫಿಡವಿಟ್ ತೆರೆಯಿರಿ: ಚುನಾವಣಾ ಆಯೋಗದ ಕೆವೈಸಿ ಆ್ಯಪ್ ಬಗ್ಗೆ

2024ರ ಲೋಕಸಭಾ ಚುನಾವಣೆ ಸಮಯ. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ವಿಡಿಯೊ ಹಾಕಿದರು. ಅಪ್ಪ ಮೆಚ್ಚುವ ಅಭ್ಯರ್ಥಿಯನ್ನು ಎದುರಾಳಿ ವೇದಿಕೆ ಮೇಲಿಂದ 'ಕೊಲೆಗಡುಕ' ಎಂದು ಕೂಗುತ್ತಿದ್ದರು. ಅರ್ಧ ಗಂಟೆಯಲ್ಲಿ ಅಪ್ಪ ಇನ್ನೊಂದು ವಿಡಿಯೊ ಹಾಕಿದರು. ಅದರಲ್ಲಿ ಈ ಕಡೆಯವರು ಆ ಕಡೆಯವರನ್ನು 'ಭೂಗಳ್ಳ, ಫೋರ್ ಟ್ವೆಂಟಿ' ಅಂದಿದ್ದರು. ರಾತ್ರಿ ಹೊತ್ತಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಕೊನೆಗೆ ಚಿಕ್ಕಪ್ಪ ಬರೆದದ್ದು ಇಷ್ಟು: "ಎಲ್ಲರೂ ಕಳ್ಳರೇ ಅಣ್ಣಾ. ಈ ಸಲ ನಾನು ವೋಟೇ ಹಾಕಲ್ಲ."

ಮೂವತ್ತು ವರ್ಷದಿಂದ ಒಂದು ಚುನಾವಣೆಯನ್ನೂ ತಪ್ಪಿಸದ ಮನುಷ್ಯ ಅವರು. ಆ ಮಾತು ಓದಿ ನನಗೆ ತುಂಬಾ ಬೇಜಾರಾಯಿತು.

ನಾನು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ. ಅಫಿಡವಿಟ್ ನನಗೆ ದಿನದ ಕೆಲಸ. ಹಾಗಾಗಿ ಚುನಾವಣಾ ಆಯೋಗದ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್, ಅಂದರೆ ಕೆವೈಸಿ, ಮೊದಲೇ ಗೊತ್ತಿತ್ತು. ಆದರೆ ಅದನ್ನು ಸರಿಯಾಗಿ ಬಳಸಿದ್ದು ಆ ಭಾನುವಾರವೇ, ಅಪ್ಪನನ್ನೂ ಚಿಕ್ಕಪ್ಪನನ್ನೂ ಒಂದೇ ಸೋಫಾದ ಮೇಲೆ ಕೂರಿಸಿಕೊಂಡು.

ಬಳಕೆ ಸುಲಭ. ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಕ್ರಿಮಿನಲ್ ಹಿನ್ನೆಲೆ ಇದೆಯೋ ಇಲ್ಲವೋ ಎಂಬುದಕ್ಕೆ 'ಯೆಸ್' ಅಥವಾ 'ನೋ' ಎಂದು ಇರುತ್ತದೆ. ನಮ್ಮ ಇಬ್ಬರು ಅಭ್ಯರ್ಥಿಗಳಿಗೂ 'ಯೆಸ್' ಇತ್ತು. "ನೋಡಿದ್ಯಾ, ನಾನು ಹೇಳಿದ್ದು ಅದೇ ಅಲ್ವಾ?" ಅಂದರು ಚಿಕ್ಕಪ್ಪ. ಸುಮಾರು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ರಸ್ತೆ ತಡೆ ಮಾಡಿದವನಿಗೂ 'ಯೆಸ್', ಕೊಲೆ ಆರೋಪ ಹೊತ್ತವನಿಗೂ 'ಯೆಸ್'. ಆ ಒಂದು ಪದ ನೋಡಿ ಆ್ಯಪ್ ಮುಚ್ಚಿದರೆ ಪ್ರಯೋಜನವಿಲ್ಲ. ನಿಜವಾದ ಮಾಹಿತಿ ಇರುವುದು ಅದರ ಜೊತೆಗಿನ ಪಿಡಿಎಫ್‌ನಲ್ಲಿ.

ಆ ಪಿಡಿಎಫ್ ಅಂದರೆ ನಮೂನೆ 26. ಅಭ್ಯರ್ಥಿ ನಾಮಪತ್ರದ ಜೊತೆ ಪ್ರಮಾಣ ಮಾಡಿ ಕೊಡುವ ಅಫಿಡವಿಟ್. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಮಾಹಿತಿ ಮತದಾರನ ಹಕ್ಕಾಯಿತು. ನಾವು ತೆರೆದದ್ದು ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಪ್ರತಿ. ಐದನೇ ಅಂಶದಲ್ಲಿ ಬಾಕಿ ಇರುವ ಕೇಸುಗಳು, ಆರನೆಯದರಲ್ಲಿ ಶಿಕ್ಷೆಯಾದ ಕೇಸುಗಳು. ಎಫ್‌ಐಆರ್ ನಂಬರ್, ಪೊಲೀಸ್ ಠಾಣೆ, ಕೋರ್ಟು, ಕೇಸ್ ನಂಬರ್, ಸೆಕ್ಷನ್, ಆರೋಪವೇನು, ಚಾರ್ಜ್ ಫ್ರೇಮ್ (ಕೋರ್ಟು ಆರೋಪ ನಿಗದಿ ಮಾಡುವುದು) ಆಗಿದೆಯಾ, ಆಗಿದ್ದರೆ ಯಾವ ದಿನ, ಎಲ್ಲಕ್ಕೂ ಜಾಗ ಇದೆ. ಖಾಲಿ ಬಿಡುವಂತಿಲ್ಲ. ಏನೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಬೇಕು.

ಮೊದಲು 'ಕೊಲೆಗಡುಕ'ರದ್ದು ಓದಿದೆವು. ಮೂರು ಕೇಸು. ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ 143, 147, 341: ಅಕ್ರಮ ಕೂಟ, ಗಲಭೆ, ದಾರಿ ತಡೆದದ್ದು. ಇನ್ನೊಂದು 188, ಅಧಿಕಾರಿಯ ಆದೇಶ ಮೀರಿದ್ದು. ಮೂರನೆಯ ಸಾಲಿನ ಮೇಲೆ ನೋಟರಿಯ ದುಂಡು ಮೊಹರು ಸರಿಯಾಗಿ ಸೆಕ್ಷನ್ ನಂಬರ್ ಮೇಲೇ ಬಿದ್ದಿತ್ತು. ನೇರಳೆ ಶಾಯಿ ಹರಡಿಕೊಂಡಿತ್ತು. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. 353. ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ ಮಾಡಿ ಬಲ ಪ್ರಯೋಗಿಸಿದ ಆರೋಪ. ಅದು ಅಪ್ಪನಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಾದರು. ಆದರೆ ಕೊಲೆಯ ಸೆಕ್ಷನ್ 302 ಎಲ್ಲೂ ಇರಲಿಲ್ಲ.

ಆಮೇಲೆ ಇನ್ನೊಬ್ಬರದ್ದು. ಒಂದೇ ಕೇಸು: 420, 468, 471. ವಂಚನೆ, ಅದಕ್ಕಾಗಿ ನಕಲಿ ದಾಖಲೆ ಮಾಡಿದ್ದು, ಅದನ್ನು ಬಳಸಿದ್ದು. ಚಾರ್ಜ್ ಫ್ರೇಮ್: ಹೌದು, 2019. ಆದರೆ ಅದು ಜಮೀನಿನ ಕೇಸಲ್ಲ, ಸಹಕಾರ ಸಂಘವೊಂದರ ಸಾಲದ್ದು. 'ಭೂಗಳ್ಳ' ಅನ್ನುವುದಕ್ಕೆ ಕಾಗದದಲ್ಲಿ ಆಧಾರವಿರಲಿಲ್ಲ.

"ಚಾರ್ಜ್ ಫ್ರೇಮ್ ಆಗಿದೆ ಅಂದ್ರೆ ತಪ್ಪು ಮಾಡಿದಾರೆ ಅಂತಾನಾ ಪುಟ್ಟಿ?" ಎಂದು ಕೇಳಿದರು ಚಿಕ್ಕಪ್ಪ.

"ಇಲ್ಲ ಚಿಕ್ಕಪ್ಪ. ವಿಚಾರಣೆ ನಡೆಸೋಕೆ ಸಾಕಷ್ಟು ಕಾರಣ ಇದೆ ಅಂತ ಜಡ್ಜ್‌ಗೆ ಕಂಡಿದೆ, ಅಷ್ಟೇ. ಬರೀ ಎಫ್‌ಐಆರ್‌ಗಿಂತ ಅದಕ್ಕೆ ತೂಕ ಜಾಸ್ತಿ. ಶಿಕ್ಷೆ ಅಂತ ಇನ್ನೂ ಅಲ್ಲ."

ನನಗೆ ಈ ಸೇವೆ ಇಷ್ಟವಾಗಿದ್ದು ಇದಕ್ಕೇ. ಎಫ್‌ಐಆರ್, ಚಾರ್ಜ್‌ಶೀಟ್ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ), ಚಾರ್ಜ್ ಫ್ರೇಮ್, ಶಿಕ್ಷೆ, ಈ ನಾಲ್ಕೂ ಬೇರೆ ಬೇರೆ ಮೆಟ್ಟಿಲು. ವೇದಿಕೆಯಲ್ಲಿ ಕೂಗುವವರು ನಾಲ್ಕನ್ನೂ ಒಂದೇ ಬೈಗುಳದಲ್ಲಿ ಸೇರಿಸಿಬಿಡುತ್ತಾರೆ. ಎರಡೂ ಕಡೆಯವರು ಹೀಗೆ ಮಾಡಿ ಮಾಡಿ, ನಿಜವಾಗಿ ಭಾರೀ ಆರೋಪ ಇರುವವನಿಗೂ 'ಎಲ್ಲರ ಮೇಲೂ ಕೇಸಿದೆ' ಎಂಬ ಮರೆ ಸಿಗುತ್ತದೆ. ನಮ್ಮ ಚಿಕ್ಕಪ್ಪನಂಥವರು ಮನೆಯಲ್ಲೇ ಉಳಿಯುತ್ತಾರೆ.

ಕೊರತೆಗಳೂ ಇವೆ. ಅಫಿಡವಿಟ್ ಎಂದರೆ ಅಭ್ಯರ್ಥಿ ತಾನೇ ಹೇಳಿಕೊಂಡದ್ದು, ಅದೂ ನಾಮಪತ್ರದ ದಿನದವರೆಗಿನದ್ದು. ಸುಳ್ಳು ಹೇಳಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಪ್ರಕಾರ ಹೆಚ್ಚೆಂದರೆ ಆರು ತಿಂಗಳ ಜೈಲು, ಅಥವಾ ದಂಡ, ಅಥವಾ ಎರಡೂ. ಇದು ತೀರಾ ಕಡಿಮೆ ಎಂದು ನನಗನಿಸುತ್ತದೆ. ಸ್ಕ್ಯಾನ್ ಪ್ರತಿಯಾದರೆ ಒಳಗೆ ಪದ ಹುಡುಕಲೂ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಶಿಕ್ಷೆ ಈಗ 103, ವಂಚನೆ 318. ಹೊಸ ಸಂಹಿತೆಯ 302 ಎಂದರೆ ಧಾರ್ಮಿಕ ಭಾವನೆ ನೋಯಿಸಲೆಂದೇ ಮಾತಾಡಿದ್ದು. ಮುಂದಿನ ಅಫಿಡವಿಟ್‌ಗಳಲ್ಲಿ ಹಳೇ ನಂಬರು, ಹೊಸ ನಂಬರು ಎರಡೂ ಇರುತ್ತವೆ. ಯಾವ ಕಾಯ್ದೆ ಎಂದು ನೋಡದೆ ದಯವಿಟ್ಟು ಯಾರನ್ನೂ ಕೊಲೆಗಾರ ಅನ್ನಬೇಡಿ.

ಪಕ್ಷಗಳ ಸಿ-7 ನಮೂನೆಯನ್ನೂ ಹುಡುಕಿ ಓದಿ. ಕೇಸಿರುವವರಿಗೆ ಯಾಕೆ ಟಿಕೆಟ್ ಕೊಟ್ಟೆವು ಎಂದು ಪಕ್ಷವೇ ಪ್ರಕಟಿಸಬೇಕು. ಗೆಲ್ಲುತ್ತಾರೆ ಎನ್ನುವುದೊಂದೇ ಕಾರಣವಾಗಬಾರದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಓದಿದ ಒಂದರಲ್ಲಿ 'ಜನಪ್ರಿಯ ನಾಯಕರು, ಕೇಸು ರಾಜಕೀಯ ದ್ವೇಷದ್ದು' ಎಂದು ಎರಡೇ ಸಾಲಿತ್ತು. ದ್ವೇಷದ ಕೇಸುಗಳೂ ಇರುತ್ತವೆ ನಿಜ. ಸರ್ಕಾರ ಬದಲಾದಾಗ ತಮ್ಮವರ ಕೇಸು ವಾಪಸ್ ಪಡೆಯುವುದೂ ಇದೆ. ಅದಕ್ಕೇ 2021ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟ್, ಹೈಕೋರ್ಟಿನ ಅನುಮತಿ ಇಲ್ಲದೆ ಶಾಸಕರ, ಸಂಸದರ ಕೇಸು ಹಿಂಪಡೆಯುವಂತಿಲ್ಲ ಎಂದಿತು. ಅದೇ ದಿನ ಇನ್ನೊಂದು ತೀರ್ಪಿನಲ್ಲಿ, ಅಭ್ಯರ್ಥಿಗಳ ಕ್ರಿಮಿನಲ್ ಹಿನ್ನೆಲೆ ತೋರಿಸುವ ಆ್ಯಪ್ ಮಾಡಬೇಕೆಂದು ಆಯೋಗಕ್ಕೂ ಹೇಳಿತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ 'ಯೆಸ್'ಗಾಗಿ. ಅದರ ಪಕ್ಕದಲ್ಲೇ ಸೆಕ್ಷನ್‌ಗಳನ್ನೂ, ಕೇಸು ಯಾವ ಹಂತದಲ್ಲಿದೆ ಎಂಬುದನ್ನೂ ತೋರಿಸಿದರೆ ಎಷ್ಟೋ ಜಗಳ ಅಲ್ಲೇ ತೀರುತ್ತದೆ.

ಅಫಿಡವಿಟ್‌ನಲ್ಲಿರುವ ಕೇಸ್ ನಂಬರನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದೇನಾಯಿತು ಎಂದೂ ಸಿಗುತ್ತದೆ. ಆ ಸಾಲದ ಕೇಸಿನ ನಂಬರನ್ನು ಅಪ್ಪ ಅವತ್ತೇ ಡೈರಿಯಲ್ಲಿ ಬರೆದಿಟ್ಟುಕೊಂಡರು. ಚುನಾವಣೆ ಮುಗಿದ ಮೇಲೂ ಆಗಾಗ ನನ್ನ ಕೈಲಿ ನೋಡಿಸುತ್ತಾರೆ. ಮೊನ್ನೆ ನೋಡಿದಾಗ ಇನ್ನೂ 'ಎವಿಡೆನ್ಸ್' ಹಂತ ಎಂದೇ ಇತ್ತು. ಮುಂದಿನ ತಾರೀಖು ಬರೆದುಕೊಂಡು ಚಿಕ್ಕಪ್ಪನಿಗೆ ಫೋನ್ ಮಾಡಿದರು. "ತೀರ್ಪು ಬರೋವರೆಗೂ ಇಬ್ಬರೂ ಏನೂ ಅನ್ನೋದು ಬೇಡ ಅಣ್ಣಾ. ತಾರೀಖು ಮಾತ್ರ ಹೇಳ್ತಾ ಇರು" ಅಂದರಂತೆ ಅವರು.